ಬ್ಯಾಟರಿಯ ಬಾಳಿಕೆ ಅದರ ನೀರಿನಲ್ಲಿದೆ



ಕಬ್ಬು ನುರಿಸುವ ಹಂಗಾಮು. ಕಡಿಯುವ ಗ್ಯಾಂಗಿನವರು ರಾತ್ರಿಯೇ ಟ್ರೇಲರ್ ತುಂಬಿ ಹೋಗಿದ್ದಾರೆ. ಮುಂಜಾನೆ ಐದಕ್ಕೆ ಎದ್ದು ಸಂಕೇಶ್ವರದ ಕಾರ್ಖಾನೆಯ ಸಾಲಿನಲ್ಲಿ ನಿಲ್ಲಬೇಕು. ಟ್ರ್ಯಾಕ್ಟರ್ ಹತ್ತಿ ಕೀಲಿ ತಿರುವಿದರೆ ಸ್ಟಾರ್ಟರು ಒಮ್ಮೆ ಟಕ್ ಎಂದು ಸುಮ್ಮನಾಗುತ್ತದೆ. ನಾಲ್ಕು ಜನ ಕೂಡಿ ನೂಕಿದರೂ ತುಂಬಿದ ಟ್ರೇಲರ್ ಅಲುಗುವುದಿಲ್ಲ. ಬಿಸಿಲೇರುತ್ತದೆ, ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ ಬಂದು ಬ್ಯಾಟರಿಯ ಮುಚ್ಚಳ ತೆಗೆದು ಒಳಗೆ ಇಣುಕಿ, "ಪ್ಲೇಟು ಹೋಗ್ಯಾವ್ರೀ, ಹೊಸಾದು ಹಾಕಬೇಕು" ಎನ್ನುತ್ತಾನೆ. ಎರಡು ವರ್ಷದ ಹಿಂದಷ್ಟೇ ಸಾವಿರಾರು ರೂಪಾಯಿ ಕೊಟ್ಟು ತಂದ ಬ್ಯಾಟರಿ ಅದು.

ಇಂಥ ಮುಂಜಾನೆಯನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಆಗ ನಾವು ಬೈಯುವುದು ಬ್ಯಾಟರಿ ಮಾಡಿದವನನ್ನು, ಇಲ್ಲವೆ ಮಾರಿದವನನ್ನು. ಆದರೆ ಬಹಳ ಸಲ ತಪ್ಪು ನಮ್ಮ ಕೈಯಲ್ಲಿಯೇ ನಡೆದಿರುತ್ತದೆ. ನೀವು ನಿಮ್ಮ ಬ್ಯಾಟರಿಯ ಮುಚ್ಚಳ ತೆಗೆದು ಒಳಗಿನ ನೀರು ನೋಡಿದ್ದು ಕೊನೆಯ ಸಲ ಯಾವಾಗ? ನೀರು ಕಡಿಮೆ ಕಂಡಾಗ ಏನು ಸುರಿದಿರಿ? ಈ ಎರಡು ಪ್ರಶ್ನೆಗಳ ಉತ್ತರದಲ್ಲಿ ಬ್ಯಾಟರಿಯ ಆಯುಷ್ಯ ಅಡಗಿದೆ.

ವಿದ್ಯುತ್ತು ಹುಕ್ಕೇರಿ ತಾಲೂಕಿನವರಿಗೆ ಹೊಸದಲ್ಲ. ಗ್ರಾಮೀಣ ವಿದ್ಯುದೀಕರಣ ನಿಗಮದ ಪ್ರಯೋಗವಾಗಿ 1969ರ ಸುಮಾರಿಗೆ ದೇಶದಲ್ಲಿ ಹುಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಕರ್ನಾಟಕದಲ್ಲಿ ಇಂಥ ಸಂಘ ಇದೊಂದೇ. ರೈತರು ಸದಸ್ಯರಾಗಿ ತಮ್ಮದೇ ತಂತಿ, ತಮ್ಮದೇ ಕಂಬ ಎಂದು ಬೆಳೆಸಿದ ಸಂಘವಿದು. ಆದರೆ ತಂತಿಯಲ್ಲಿ ಬರುವ ವಿದ್ಯುತ್ತು ಬಂದಾಗ ಉಂಟು, ಹೋದಾಗ ಇಲ್ಲ. ಅದನ್ನು ಕೂಡಿಟ್ಟುಕೊಳ್ಳಲು ಬ್ಯಾಟರಿಯೇ ಬೇಕು. ಇಂದು ಒಂದೊಂದು ಮನೆಯಲ್ಲಿ ಎಷ್ಟು ಬ್ಯಾಟರಿಗಳಿವೆ, ಎಣಿಸಿ ನೋಡಿ. ಟ್ರ್ಯಾಕ್ಟರಿನದು ಒಂದು, ಮನೆಯ ಇನ್ವರ್ಟರಿನದು ಒಂದು, ಎಣ್ಣೆ ಹೊಡೆಯುವ ಬೆನ್ನಿನ ಪಂಪಿನದು ಒಂದು, ಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿಯದು ಒಂದು, ಕಿಸೆಯಲ್ಲಿಯ ಮೊಬೈಲಿನದು ಇನ್ನೊಂದು. ಎತ್ತಿನ ಜೋಡಿಗೆ ಮೇವು ನೀರು ನೋಡಿದಷ್ಟೇ ಕಾಳಜಿಯಿಂದ ಇವುಗಳನ್ನೂ ನೋಡುವ ಕಾಲ ಬಂದಿದೆ.

ಒಳಗೆ ಏನಿದೆ?

ಟ್ರ್ಯಾಕ್ಟರ್ ಬ್ಯಾಟರಿ ಸೀಸದ ಬ್ಯಾಟರಿ. ಇದನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಕಂಡುಹಿಡಿದರು. ನೂರಾ ಅರವತ್ತು ವರ್ಷ ಕಳೆದರೂ ಮೂಲ ರಚನೆ ಅದೇ ಇದೆ. 12 ವೋಲ್ಟಿನ ಪೆಟ್ಟಿಗೆಯಲ್ಲಿ ಆರು ಕೋಣೆಗಳು, ಒಂದೊಂದು ಕೋಣೆಗೆ ಸುಮಾರು 2 ವೋಲ್ಟು. ಪ್ರತಿ ಕೋಣೆಯಲ್ಲಿ ಎರಡು ಜಾತಿಯ ಪ್ಲೇಟುಗಳು ಒಂದರ ಮಗ್ಗುಲಿಗೆ ಒಂದರಂತೆ ನಿಂತಿರುತ್ತವೆ. ಒಂದು ಜಾತಿಯದರಲ್ಲಿ ಬರೀ ಸೀಸ, ಇನ್ನೊಂದರಲ್ಲಿ ಸೀಸದ ಆಕ್ಸೈಡು. ಇವೆರಡೂ ಮುಳುಗಿರುವುದು ಗಂಧಕದ ಆಸಿಡ್ ಬೆರೆಸಿದ ನೀರಿನಲ್ಲಿ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ವಿದ್ಯುದ್ವಿಭಾಜ್ಯ ಎನ್ನುವರು, ಬ್ಯಾಟರಿ ಕಂಪನಿಯವರು ಎಲೆಕ್ಟ್ರೊಲೈಟ್ ಎನ್ನುವರು. ನಮ್ಮ ಅಂಗಡಿಗಳಲ್ಲಿ ಆಸಿಡ್ ನೀರು ಎಂದರೆ ಸಾಕು.

ಈ ನೀರು ಪ್ಲೇಟು ತೋಯಿಸಲು ಮಾತ್ರ ಇದೆ ಎಂದು ತಿಳಿಯಬೇಡಿ. ಕೆಲಸದಲ್ಲಿ ಇದಕ್ಕೂ ಪ್ಲೇಟಿನಷ್ಟೇ ಪಾಲುಂಟು. ಬ್ಯಾಟರಿಯಿಂದ ವಿದ್ಯುತ್ತು ತೆಗೆದಾಗ ನೀರಿನಲ್ಲಿಯ ಆಸಿಡ್ ಪ್ಲೇಟುಗಳಿಗೆ ಹತ್ತಿ, ಎರಡೂ ಜಾತಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಎಂಬ ಬಿಳಿ ಪದಾರ್ಥವಾಗುತ್ತದೆ. ದ್ರವದಲ್ಲಿ ಆಸಿಡ್ ಕಡಿಮೆಯಾಗಿ ನೀರು ಹೆಚ್ಚುತ್ತದೆ. ಚಾರ್ಜು ಮಾಡಿದಾಗ ಇದೆಲ್ಲ ತಿರುಗುಮುರುಗಾಗಿ ನಡೆದು, ಸಲ್ಫೇಟು ಕರಗಿ ಆಸಿಡ್ ಮರಳಿ ದ್ರವಕ್ಕೆ ಬರುತ್ತದೆ.

ಆದರೆ ಚಾರ್ಜು ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಆ ಸಲ್ಫೇಟು ದಪ್ಪ ಹರಳುಗಟ್ಟಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಪೂರ್ತಿ ಕರಗುವುದಿಲ್ಲ. ಘಟಪ್ರಭಾ ಕಾಲುವೆಯ ಕೆಳಗಿನ ರೈತರಿಗೆ ಸವಳು ಹತ್ತಿದ ಹೊಲ ಗೊತ್ತು. ಭೂಮಿ ಅದೇ, ನೀರೂ ಇದೆ, ಆದರೆ ಬೆಳೆ ಏಳುವುದಿಲ್ಲ. ಸಲ್ಫೇಟು ಹತ್ತಿದ ಪ್ಲೇಟಿನ ಸ್ಥಿತಿಯೂ ಹಾಗೆಯೇ. ಹೊಲದ ಸವಳನ್ನು ವರ್ಷಗಟ್ಟಲೆ ದುಡಿದು ಕಳೆಯಬಹುದು. ಪ್ಲೇಟಿನ ಸವಳು ಬಲಿತ ಮೇಲೆ ಕಳೆಯುವುದು ಬಹುತೇಕ ಆಗದ ಮಾತು.

ಬ್ರಿಕ್ಸ್ ನೋಡಿದಂತೆ ಗ್ರ್ಯಾವಿಟಿ ನೋಡಿ

ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡಲು ಬ್ರಿಕ್ಸ್ ಅಳೆಯುವುದು ನಿಮಗೆ ತಿಳಿದಿದೆ. ರಸ ಗಟ್ಟಿಯಾದಷ್ಟೂ ಅದರಲ್ಲಿ ಬಿಟ್ಟ ಗಾಜಿನ ಅಳತೆಕೋಲು ಮೇಲಕ್ಕೆ ತೇಲುತ್ತದೆ. ಬ್ಯಾಟರಿಯ ದ್ರವವನ್ನು ಅಳೆಯುವ ಹೈಡ್ರೋಮೀಟರ್ ಅದೇ ತತ್ವದ್ದು. ರಬ್ಬರ್ ಬುರುಡೆ ಒತ್ತಿ ಕೋಣೆಯ ದ್ರವವನ್ನು ಗಾಜಿನ ಕೊಳವೆಗೆ ಎಳೆದುಕೊಂಡರೆ ಒಳಗಿನ ತೇಲುಬುರುಡೆ ಅಂಕಿ ತೋರಿಸುತ್ತದೆ. ಬ್ಯಾಟರಿ ಅಂಗಡಿಯವರು ಇದಕ್ಕೆ 'ಗ್ರ್ಯಾವಿಟಿ' ಎನ್ನುವರು. ಒಂದು ಪಾತ್ರೆಯಲ್ಲಿ ಒಂದು ಕಿಲೊ ಶುದ್ಧ ನೀರು ಹಿಡಿಯುವುದಾದರೆ, ಅದೇ ಪಾತ್ರೆಯಲ್ಲಿ ಪೂರ್ತಿ ಚಾರ್ಜಾದ ಬ್ಯಾಟರಿಯ ದ್ರವ ಸುಮಾರು 1.28 ಕಿಲೊ ತೂಗುತ್ತದೆ. ಅಂಥ ದ್ರವದ ನೂರು ಕಿಲೊದಲ್ಲಿ ಆಸಿಡ್ ಹೆಚ್ಚುಕಡಿಮೆ 37 ಕಿಲೊ ಇರುತ್ತದೆ.

ಅಂಕಿಗಳನ್ನು ಹೀಗೆ ನೆನಪಿಡಿ. ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ 1.260ರಿಂದ 1.280 ಬಂದರೆ ಹೊಟ್ಟೆ ತುಂಬಿದೆ. 1.200 ಬಂದರೆ ಅರ್ಧಕ್ಕೆ ಇಳಿದಿದೆ. 1.120ರ ಹತ್ತಿರ ಬಂದರೆ ಬರಿದಾಗಿದೆ. ಉಷ್ಣಪ್ರದೇಶಕ್ಕೆಂದು ತಯಾರಿಸಿದ ಇನ್ವರ್ಟರ್ ಬ್ಯಾಟರಿಗಳಲ್ಲಿ ಪೂರ್ತಿ ಚಾರ್ಜಿನ ಅಂಕಿಯೇ 1.240ರ ಸುಮಾರಿಗೆ ಇರುವುದುಂಟು. ಸೆಖೆಯ ಸೀಮೆಯಲ್ಲಿ ಆಸಿಡ್ ತುಸು ತೆಳುವಾಗಿದ್ದರೆ ಪ್ಲೇಟು ಹೆಚ್ಚು ಕಾಲ ಬಾಳುತ್ತದೆಂದು ಹಾಗೆ ಮಾಡುವರು. ಆದ್ದರಿಂದ ನಿಮ್ಮ ಬ್ಯಾಟರಿಯ ಜೊತೆಗೆ ಬಂದ ಚೀಟಿಯಲ್ಲಿಯ ಅಂಕಿಯನ್ನೇ ಪ್ರಮಾಣವೆಂದು ಹಿಡಿಯಿರಿ.

ಇನ್ನೊಂದು ಉಪಯೋಗವೂ ಉಂಟು. ಆರೂ ಕೋಣೆಗಳ ಅಂಕಿ ಹೆಚ್ಚುಕಡಿಮೆ ಒಂದೇ ಇರಬೇಕು. ಐದು ಕೋಣೆಗಳಲ್ಲಿ 1.250 ಇದ್ದು ಒಂದರಲ್ಲಿ ಮಾತ್ರ 1.180 ಬಂದರೆ ಆ ಕೋಣೆ ಕೆಟ್ಟಿದೆ ಎಂದು ಅರ್ಥ. ಒಂದು ಎತ್ತು ಕುಂಟಿದರೆ ಜೋಡಿಯೇ ನಿಲ್ಲುವಂತೆ ಒಂದು ಕೋಣೆ ಕೆಟ್ಟರೆ ಬ್ಯಾಟರಿಯೇ ನಿಲ್ಲುತ್ತದೆ. ಹೈಡ್ರೋಮೀಟರ್ ಬಹಳ ಬೆಲೆಯ ವಸ್ತುವಲ್ಲ. ಹತ್ತು ಮನೆಯವರು ಕೂಡಿ ಒಂದನ್ನು ಕೊಂಡರೂ ಸಾಕು. ನೀರು ಹಾಕಿದ ಕೂಡಲೆ ಮಾತ್ರ ಅಳೆಯಬೇಡಿ. ಹೊಸ ನೀರು ಬೆರೆಯದೆ ಮೇಲೆಯೇ ನಿಂತಿರುತ್ತದೆ, ಅಂಕಿ ತಪ್ಪು ಬರುತ್ತದೆ.

ಬೋರಿನ ನೀರು ಬೇಡ

ಚಾರ್ಜು ಪೂರ್ತಿಯಾಗುತ್ತ ಬಂದಂತೆ ದ್ರವದಲ್ಲಿ ಗುಳ್ಳೆ ಏಳುತ್ತವೆ. ನೀರು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲಗಳಾಗಿ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಒಂದಿಷ್ಟು ಆರಿಯೂ ಹೋಗುತ್ತದೆ. ಹೀಗೆ ಹೋಗುವುದು ನೀರು, ಆಸಿಡ್ ಬಹುಮಟ್ಟಿಗೆ ಒಳಗೇ ಉಳಿಯುತ್ತದೆ. ಆದ್ದರಿಂದ ಹೋದದ್ದನ್ನೇ ಮರಳಿ ಕೊಡಬೇಕು. ಅಂದರೆ ನೀರು ಮಾತ್ರ, ಅದೂ ಬಟ್ಟಿ ಇಳಿಸಿದ ಅಥವಾ ಲವಣ ತೆಗೆದ ಶುದ್ಧ ನೀರು.

ಇಲ್ಲಿಯೇ ನಮ್ಮವರು ಎಡವುವುದು. ಎರಡು ಡಬ್ಬಿ ಬ್ಯಾಟರಿ ನೀರು ತರಲು ಪೇಟೆಗೆ ಹೋಗುವ ಬೇಸರಕ್ಕೆ ಬೋರಿನ ನೀರು ಸುರಿಯುತ್ತಾರೆ. ಕುಡಿಯಲು ಸಿಹಿಯಾದ ನೀರು ಬ್ಯಾಟರಿಗೂ ಒಳ್ಳೆಯದೆಂದು ತಿಳಿಯುತ್ತಾರೆ. ಕೊಳವೆಬಾವಿಯ ನೀರಿನಲ್ಲಿ ಏನೇನು ಇರುತ್ತದೆ ಎಂಬುದನ್ನು ಕಾಯಿಸಿದ ಪಾತ್ರೆಯ ತಳಕ್ಕೆ ಹತ್ತಿದ ಬಿಳಿ ಪದರು ನೋಡಿದರೆ ತಿಳಿಯುತ್ತದೆ. ಅದರಲ್ಲಿಯ ಸುಣ್ಣದ ಅಂಶ ಆಸಿಡ್ ಜೊತೆ ಕೂಡಿ ಗಸಿಯಾಗಿ ಕೂರುತ್ತದೆ. ಕ್ಲೋರೈಡು ಎಂಬ ಉಪ್ಪಿನ ಅಂಶ ಪ್ಲೇಟಿನ ಎಲುಬಿನಂತಿರುವ ಸೀಸದ ಜಾಳಿಗೆಯನ್ನು ತಿನ್ನುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಬ್ಬಿಣದ ಅಂಶ. ಅದು ಒಂದು ಪ್ಲೇಟಿನಿಂದ ಇನ್ನೊಂದು ಪ್ಲೇಟಿಗೆ ಓಡಾಡುತ್ತ ಎರಡೂ ಕಡೆ ಕೂಡಿಟ್ಟ ಚಾರ್ಜನ್ನು ಕದ್ದು ಖರ್ಚು ಮಾಡುತ್ತದೆ. ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಬ್ಯಾಟರಿ ಇಳಿಯುತ್ತದೆ. ಒಮ್ಮೆ ಒಳಹೊಕ್ಕ ಈ ಲವಣಗಳು ನೀರಿನ ಹಾಗೆ ಆರಿ ಹೋಗುವುದಿಲ್ಲ. ಪ್ರತಿ ಸಲ ಸುರಿದಾಗಲೂ ಹೆಚ್ಚುತ್ತಲೇ ಹೋಗುತ್ತವೆ.

ಕುಡಿಯುವ ನೀರಿನ ಶುದ್ಧೀಕರಣ ಘಟಕದ ನೀರು ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಆ ನೀರಿನಲ್ಲಿ ಲವಣ ಕಡಿಮೆಯಿದ್ದರೂ ಪೂರ್ತಿ ಹೋಗಿರುವುದಿಲ್ಲ. ಬ್ಯಾಟರಿಗೆ ಅದು ಸಾಲದು. ಬ್ಯಾಟರಿ ನೀರು ಕೊಳ್ಳುವಾಗಲೂ ಮುಚ್ಚಳ ಒಡೆಯದ ಡಬ್ಬಿಯನ್ನೇ ಕೊಳ್ಳಿರಿ. ಹಾಕಲು ತಗಡಿನ ಕೊಳವಿ ಬಳಸಬೇಡಿ, ಪ್ಲ್ಯಾಸ್ಟಿಕ್ಕಿನದು ಇರಲಿ.

ಎಷ್ಟು ಹಾಕಬೇಕು? ಪ್ಲೇಟುಗಳ ತಲೆ ಮುಳುಗಿ ಅದರ ಮೇಲೆ ಒಂದು ಬೆರಳಿನ ಅಗಲದಷ್ಟು ದ್ರವ ನಿಲ್ಲಬೇಕು. ಡಬ್ಬಿಯ ಮೇಲೆ ಗೆರೆ ಇದ್ದರೆ ಮೇಲಿನ ಗೆರೆ ದಾಟಬೇಡಿ. ಚಾರ್ಜು ಮಾಡಿದಾಗ ದ್ರವ ಉಬ್ಬುತ್ತದೆ. ಆದ್ದರಿಂದ ಚಾರ್ಜಾದ ಮೇಲೆ ನೀರು ಹಾಕುವುದು ಲೇಸು. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಮೊದಲು ಮುಳುಗುವಷ್ಟು ಹಾಕಿ ಆಮೇಲೆ ಚಾರ್ಜು ಮಾಡಿರಿ. ಎಲ್ಲ ಕೋಣೆಗಳಲ್ಲಿಯೂ ನೀರು ಬೇಗ ಇಳಿಯುತ್ತಿದ್ದರೆ ಟ್ರ್ಯಾಕ್ಟರಿನ ರೆಗ್ಯುಲೇಟರ್ ಹೆಚ್ಚು ಚಾರ್ಜು ಕೊಡುತ್ತಿದೆ ಎಂದು ತಿಳಿದು ತೋರಿಸಿರಿ. ಒಂದೇ ಕೋಣೆಯಲ್ಲಿ ಇಳಿಯುತ್ತಿದ್ದರೆ ಡಬ್ಬಿ ಬಿರುಕು ಬಿಟ್ಟಿರಬಹುದು, ಇಲ್ಲವೆ ಆ ಕೋಣೆ ಕೆಟ್ಟಿರಬಹುದು.

ಆಸಿಡ್ ಸುರಿದರೆ ಜೋರು ಬರುವುದೇ?

ಬ್ಯಾಟರಿ ಮಂದವಾದಾಗ ಆಸಿಡ್ ಸುರಿದರೆ ಜೋರಾಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇಂದಿಗೂ ಇದೆ. ಸುರಿದ ದಿನ ಹೈಡ್ರೋಮೀಟರ್ ಅಂಕಿ ಏರುವುದು ನಿಜ. ಆದರೆ ಆ ಏರಿಕೆ ಮೋಸದ್ದು. ಮೊದಲಿನ ಆಸಿಡ್ ಪ್ಲೇಟುಗಳಲ್ಲಿ ಸಲ್ಫೇಟಾಗಿ ಕುಳಿತೇ ಇದೆ. ಚಾರ್ಜು ಮಾಡಿದರೆ ಅದೂ ದ್ರವಕ್ಕೆ ಬಂದು, ಹೊಸದೂ ಕೂಡಿ, ಆಸಿಡ್ ಮಿತಿಮೀರಿ ಗಟ್ಟಿಯಾಗುತ್ತದೆ. ಗಟ್ಟಿ ಆಸಿಡ್ ಪ್ಲೇಟಿನ ಜಾಳಿಗೆಯನ್ನು ಬೇಗ ತಿನ್ನುತ್ತದೆ. ಬಳಲಿದ ಎತ್ತಿಗೆ ಚಾಟಿ ಹೊಡೆದಂತೆ ಇದು. ನಾಲ್ಕು ಹೆಜ್ಜೆ ಓಡುತ್ತದೆ, ಆಮೇಲೆ ಬೀಳುತ್ತದೆ. ಬ್ಯಾಟರಿ ಮಗುಚಿ ದ್ರವ ಚೆಲ್ಲಿದಾಗ ಮಾತ್ರ ಆಸಿಡ್ ಬೇಕಾಗುತ್ತದೆ. ಅದನ್ನು ಅಳೆದು ಹಾಕುವುದು ಬ್ಯಾಟರಿ ಅಂಗಡಿಯವರ ಕೆಲಸ.

ಹಾಗೆಯೇ ಸತ್ತ ಬ್ಯಾಟರಿಗೆ ಜೀವ ಕೊಡುವ ಪುಡಿ ಎಂದು ಮಾರಲು ಬರುವವರ ಬಗ್ಗೆಯೂ ಎಚ್ಚರವಿರಲಿ. ಈ ವ್ಯಾಪಾರ ಹಳೆಯದು. ಅಮೆರಿಕದಲ್ಲಿ ಎಡಿ-ಎಕ್ಸ್2 ಎಂಬ ಪುಡಿ ಬಹಳ ಹೆಸರಾಗಿತ್ತು. ಅದರಲ್ಲಿ ಇದ್ದದ್ದು ಸೋಡಿಯಂ ಮತ್ತು ಮೆಗ್ನೀಸಿಯಂ ಸಲ್ಫೇಟು ಲವಣಗಳು. ಅಲ್ಲಿಯ ಸರಕಾರದ ಮಾನಕ ಸಂಸ್ಥೆ ಪರೀಕ್ಷಿಸಿ ಇದರಿಂದ ಪ್ರಯೋಜನವಿಲ್ಲ ಎಂದಿತು. ವ್ಯಾಪಾರಿಯ ಪರವಾಗಿ ಗದ್ದಲವೆದ್ದು 1953ರಲ್ಲಿ ಸಂಸ್ಥೆಯ ಮುಖ್ಯಸ್ಥರಾದ ಅಲೆನ್ ಆಸ್ಟಿನ್ ಅವರನ್ನೇ ಹುದ್ದೆ ಬಿಡಿಸುವ ತನಕ ವಿಷಯ ಹೋಯಿತು. ವಿಜ್ಞಾನಿಗಳೆಲ್ಲ ಪ್ರತಿಭಟಿಸಿದ್ದರಿಂದ ಅವರು ಉಳಿದುಕೊಂಡರು. ಅದೇ ವರ್ಷ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕೂಡ ಸಂಸ್ಥೆಯ ಪರೀಕ್ಷೆ ಸರಿಯೆಂದೇ ಹೇಳಿತು. ಇಂಥ ಲವಣವನ್ನು ಕಾರ್ಖಾನೆಯಲ್ಲಿ ಹೊಸ ಬ್ಯಾಟರಿಗೆ ಅಳತೆಯಿಂದ ಬೆರೆಸುವುದುಂಟು. ಬ್ಯಾಟರಿ ಪೂರ್ತಿ ಬರಿದಾದಾಗ ಪ್ಲೇಟುಗಳ ನಡುವೆ ಸೀಸದ ಎಳೆ ಬೆಳೆದು ಶಾರ್ಟ್ ಆಗದಂತೆ ಅದು ತಡೆಯುತ್ತದೆ. ಅದು ರೋಗ ಬಾರದಂತೆ ಮಾಡುವ ಉಪಾಯ, ಸತ್ತದ್ದನ್ನು ಎಬ್ಬಿಸುವ ಸಂಜೀವಿನಿಯಲ್ಲ.

ನಿಂತ ಬ್ಯಾಟರಿಯ ಕಷ್ಟ

ಟ್ರ್ಯಾಕ್ಟರ್ ಬ್ಯಾಟರಿ ಹೊಲದಲ್ಲಿ ಕುಲುಕಾಡುತ್ತದೆ, ದ್ರವ ತಾನಾಗಿ ಬೆರೆಯುತ್ತದೆ. ಇನ್ವರ್ಟರ್ ಬ್ಯಾಟರಿ ಹಾಗಲ್ಲ, ಇಟ್ಟ ಜಾಗದಲ್ಲಿಯೇ ವರ್ಷಗಟ್ಟಲೆ ನಿಂತಿರುತ್ತದೆ. ಸಕ್ಕರೆ ಕಲಕದ ಚಹದಲ್ಲಿ ಸಿಹಿಯೆಲ್ಲ ತಳಕ್ಕೆ ಕೂತಂತೆ ಅದರಲ್ಲಿ ಗಟ್ಟಿ ಆಸಿಡ್ ತಳಕ್ಕೆ ಇಳಿಯುತ್ತದೆ, ಮೇಲೆ ತೆಳು ನೀರು ನಿಲ್ಲುತ್ತದೆ. ಪ್ಲೇಟಿನ ಕೆಳಭಾಗಕ್ಕೆ ಸಲ್ಫೇಟು ಹತ್ತುತ್ತದೆ. ಇದಕ್ಕೆ ಮದ್ದೆಂದರೆ ಆಗಾಗ ಪೂರ್ತಿ ಚಾರ್ಜು ಕೊಡುವುದು. ಪೂರ್ತಿ ಚಾರ್ಜಿನ ಕೊನೆಯಲ್ಲಿ ಏಳುವ ಗುಳ್ಳೆಗಳೇ ದ್ರವವನ್ನು ಕಲಕುತ್ತವೆ. ದಿನಾಲು ಅರ್ಧಮರ್ಧ ಚಾರ್ಜಾಗಿ ದುಡಿಯುವ ಬ್ಯಾಟರಿಗೆ ತಿಂಗಳಿಗೊಮ್ಮೆಯಾದರೂ ಹೊಟ್ಟೆ ತುಂಬ ಚಾರ್ಜು ಸಿಗಲಿ.

ಸೆಖೆಯೂ ಶತ್ರುವೇ. ಉಷ್ಣತೆ 10 ಡಿಗ್ರಿ ಏರಿದರೆ ಬ್ಯಾಟರಿಯ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ತಿಳಿದವರ ಅಂದಾಜು ಲೆಕ್ಕ. ತಗಡಿನ ಮಾಡಿನ ಕೆಳಗೆ, ಒಲೆಯ ಗೋಡೆಗೆ ಹತ್ತಿ, ಬಿಸಿಲು ಬೀಳುವಲ್ಲಿ ಬ್ಯಾಟರಿ ಇಡಬೇಡಿ. ಗಾಳಿಯಾಡುವ ತಂಪು ಜಾಗ ಅದಕ್ಕೆ ತಕ್ಕದ್ದು.

ನೀರನ್ನು ಕಟ್ಟಿಹಾಕಿದ ಕಥೆ

ದ್ರವ ಚೆಲ್ಲಬಾರದು, ನೀರು ಹಾಕುವ ತೊಂದರೆಯೂ ಇರಬಾರದು ಎಂದು ವಿಜ್ಞಾನಿಗಳು ಬಹಳ ಕಾಲ ಯೋಚಿಸಿದರು. 1950ರ ದಶಕದ ಕೊನೆಯಲ್ಲಿ ಜರ್ಮನಿಯ ಸೊನ್ನೆನ್‌ಶೈನ್ ಕಂಪನಿಯವರು ನುಣುಪಾದ ಸಿಲಿಕಾ ಪುಡಿಯನ್ನು ಆಸಿಡ್‌ಗೆ ಬೆರೆಸಿ, ದ್ರವವನ್ನು ಗಟ್ಟಿ ಗಂಜಿಯಂತೆ ಮಾಡಿದರು. ಇದೇ ಜೆಲ್ ಬ್ಯಾಟರಿ. 1970ರ ದಶಕದಲ್ಲಿ ಅಮೆರಿಕದ ಗೇಟ್ಸ್ ಕಂಪನಿಯವರು ಬೇರೆ ದಾರಿ ಹಿಡಿದರು. ಪ್ಲೇಟುಗಳ ನಡುವೆ ನವಿರಾದ ಗಾಜಿನ ನೂಲಿನ ಚಾಪೆ ಇಟ್ಟು, ಅದು ಹೀರಿಕೊಳ್ಳುವಷ್ಟೇ ಆಸಿಡ್ ಹಾಕಿದರು. ಚಾಪೆಯಲ್ಲಿ ಉಳಿದ ಸಣ್ಣ ಸಂದುಗಳ ಮೂಲಕ ಒಂದು ಪ್ಲೇಟಿನಲ್ಲಿ ಹುಟ್ಟಿದ ಆಕ್ಸಿಜನ್ ಇನ್ನೊಂದು ಪ್ಲೇಟಿಗೆ ಹೋಗಿ ಮರಳಿ ನೀರಾಗುತ್ತದೆ. ಹೀಗಾಗಿ ನೀರು ಹೊರಗೆ ಹೋಗುವುದೇ ಬಹಳ ಕಡಿಮೆ. ಎರಡರಲ್ಲಿಯೂ ಪ್ಲೇಟು ಅದೇ ಸೀಸ, ಆಸಿಡ್ ಅದೇ ಗಂಧಕದ್ದು. ಬದಲಾದದ್ದು ಅದನ್ನು ಹಿಡಿದಿಟ್ಟ ರೀತಿ.

ನಿಮ್ಮ ಬೆನ್ನಿನ ಪಂಪಿನಲ್ಲಿಯ 12 ವೋಲ್ಟಿನ ಪುಟ್ಟ ಸೀಸದ ಬ್ಯಾಟರಿ ಸಾಮಾನ್ಯವಾಗಿ ಈ ಜಾತಿಯದೇ. ಅದಕ್ಕೆ ನೀರು ಹಾಕುವ ಬಾಯಿಯಿಲ್ಲ, ಒಡೆದು ಹಾಕಲೂ ಬಾರದು. ನೀರಿನ ಚಿಂತೆಯಿಲ್ಲವೆಂದು ಅಲಕ್ಷ್ಯ ಮಾಡಿದರೆ ಮಾತ್ರ ಒಂದೇ ಹಂಗಾಮಿನಲ್ಲಿ ಸಾಯುತ್ತದೆ. ಎಣ್ಣೆ ಹೊಡೆದು ಬಂದ ದಿನವೇ ಸಂಜೆ ಚಾರ್ಜಿಗೆ ಹಾಕಿರಿ, ಬರಿದಾದ ಪಂಪನ್ನು ಮುಂದಿನ ಸಿಂಪರಣೆಯವರೆಗೆ ಅಟ್ಟದ ಮೇಲೆ ಎಸೆಯಬೇಡಿ. ಕೆಲಸವಿಲ್ಲದ ದಿನಗಳಲ್ಲಿಯೂ ತಿಂಗಳಿಗೊಮ್ಮೆ ಚಾರ್ಜು ಮಾಡಿರಿ. ಪಂಪಿನ ಜೊತೆಗೆ ಬಂದ ಚಾರ್ಜರನ್ನೇ ಬಳಸಿರಿ. ಜೋರಿನ ಚಾರ್ಜರ್ ಹಾಕಿದರೆ ಒಳಗಿನ ತೇವ ಆರಿ ಡಬ್ಬಿ ಉಬ್ಬುತ್ತದೆ. ಒಮ್ಮೆ ಆರಿದ್ದಕ್ಕೆ ಮರಳಿ ನೀರು ಕೊಡುವ ಉಪಾಯವಿಲ್ಲ.

ನೀರೇ ಇಲ್ಲದ ಬ್ಯಾಟರಿ

ಈಗ ಮೊಬೈಲಿನಿಂದ ಹಿಡಿದು ವಿದ್ಯುತ್ ಬೈಕಿನವರೆಗೆ ಲಿಥಿಯಂ ಬ್ಯಾಟರಿಗಳು ಬಂದಿವೆ. ಹೊಸ ಪಂಪುಗಳಲ್ಲಿಯೂ ಬರುತ್ತಿವೆ. ತೂಕ ಕಡಿಮೆ, ಕೂಡಿಡುವ ವಿದ್ಯುತ್ತು ಹೆಚ್ಚು. ಇವುಗಳ ಒಳಗೆ ನೀರು ಇರುವಂತಿಲ್ಲ. ಒಂದು ಕೋಣೆಗೆ 3 ವೋಲ್ಟಿಗಿಂತ ಹೆಚ್ಚು ಒತ್ತಡವಿರುವ ಈ ಬ್ಯಾಟರಿಯಲ್ಲಿ ನೀರು ಉಳಿಯದೆ ಒಡೆದು ಹೋಗುತ್ತದೆ. ಅದಕ್ಕೆ ಬದಲಾಗಿ ಕಾರ್ಬೊನೇಟ್ ಎಂಬ ಜಾತಿಯ ದ್ರಾವಕದಲ್ಲಿ ಲಿಥಿಯಂ ಲವಣ ಕರಗಿಸಿ ತುಂಬುತ್ತಾರೆ.

ಯಾವ ದ್ರಾವಕ ಎಂಬುದರ ಮೇಲೆ ಎಷ್ಟೊಂದು ನಿಂತಿದೆ ನೋಡಿ. ಮೊದಮೊದಲು ಪ್ರೊಪಿಲೀನ್ ಕಾರ್ಬೊನೇಟ್ ಬಳಸಿದಾಗ ಗ್ರಾಫೈಟಿನ ಪ್ಲೇಟು ಪದರು ಪದರಾಗಿ ಸುಲಿದು ಹೋಗುತ್ತಿತ್ತು. 1990ರಲ್ಲಿ ಕೆನಡಾದ ಜೆಫ್ ಡಾನ್ ಮತ್ತು ಸಂಗಡಿಗರು ಅದರ ಹತ್ತಿರದ ಬಂಧುವಾದ ಎಥಿಲೀನ್ ಕಾರ್ಬೊನೇಟ್ ಬೆರೆಸಿದರೆ ಪ್ಲೇಟು ಉಳಿಯುತ್ತದೆಂದು ತೋರಿಸಿದರು. ಮೊದಲ ಚಾರ್ಜಿನಲ್ಲಿಯೇ ಈ ದ್ರವ ತುಸು ಒಡೆದು ಪ್ಲೇಟಿನ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಹಾಲಿನ ಕೆನೆ ಕೆಳಗಿನ ಹಾಲನ್ನು ಮುಚ್ಚಿದಂತೆ ಆ ಪೊರೆ ಪ್ಲೇಟನ್ನು ಕಾಯುತ್ತದೆ. 1991ರಲ್ಲಿ ಜಪಾನಿನ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಇಂದು ತಯಾರಕರು ಆ ಪೊರೆ ಗಟ್ಟಿಯಾಗಲೆಂದು ನೂರಕ್ಕೆ ಒಂದೆರಡು ಪಾಲು ಬೇರೆ ಬೇರೆ ಪದಾರ್ಥ ಬೆರೆಸುತ್ತಾರೆ. ಉಪ್ಪಿನಕಾಯಿಗೆ ಹಿಂಗು ಹಾಕಿದಂತೆ, ಹಾಕುವುದು ಚಿಟಿಕೆ, ಬಾಳುವುದು ವರ್ಷ.

ಲಿಥಿಯಂ ಬ್ಯಾಟರಿಯ ಇನ್ನೊಂದು ಸುಧಾರಣೆಯಲ್ಲಿ ನಮ್ಮ ದೇಶದ ಹೆಸರಿನವರ ಪಾಲೂ ಇದೆ. ಕಬ್ಬಿಣದ ಫಾಸ್ಫೇಟು ಬಳಸುವ ಬ್ಯಾಟರಿಯ ಬಗ್ಗೆ 1997ರಲ್ಲಿ ಪ್ರಬಂಧ ಪ್ರಕಟಿಸಿದವರು ಅಕ್ಷಯ ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂದಿತು. ಈ ಜಾತಿಯ ಬ್ಯಾಟರಿ ಸೆಖೆಯನ್ನು ಹೆಚ್ಚು ತಡೆಯುತ್ತದೆ. ಸೋಲಾರ್ ದೀಪ, ಇನ್ವರ್ಟರುಗಳಿಗೆ ಕೊಳ್ಳುವಾಗ ಕೇಳಿ ನೋಡಿರಿ.

ಆದರೂ ಒಂದು ಕೊರತೆ ಉಳಿದಿದೆ. ಆ ದ್ರವ ಬೆಂಕಿ ಹತ್ತುವ ಜಾತಿಯದು. ಅದಕ್ಕೆ ಪರಿಹಾರವಾಗಿ ದ್ರವವನ್ನೇ ಬಿಟ್ಟು ಗಟ್ಟಿ ಪದಾರ್ಥದ ಎಲೆಕ್ಟ್ರೊಲೈಟ್ ಮಾಡಲು ಜಗತ್ತಿನಲ್ಲೆಲ್ಲ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದೊಡನೆ ಕೂಡಿ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಗಟ್ಟಿ ಎಲೆಕ್ಟ್ರೊಲೈಟಿಗೂ ಲಿಥಿಯಂ ಲೋಹಕ್ಕೂ ನಡುವೆ ಕಣ್ಣಿಗೆ ಕಾಣದ ಸಣ್ಣ ಪೊಳ್ಳುಗಳು ಬೀಳುತ್ತವೆ, ಅಲ್ಲಿಂದಲೇ ಲೋಹದ ಎಳೆಗಳು ಬೇರಿನಂತೆ ಒಳಗೆ ಇಳಿದು ಶಾರ್ಟ್ ಮಾಡುತ್ತವೆ ಎಂದು ಅವರು ಕಂಡರು. ನಡುವೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂ ಲೋಹದ ಅತಿ ತೆಳು ಲೇಪ ಕೊಟ್ಟರೆ ಇದು ನಿಧಾನವಾಗುತ್ತದೆಂದು ತೋರಿಸಿದರು. ಇದು ಇನ್ನೂ ಪ್ರಯೋಗಶಾಲೆಯ ಮಾತು, ನಮ್ಮ ತೋಟಕ್ಕೆ ಬರಲು ಸಮಯ ಬೇಕು.

ಅಲ್ಲಿಯವರೆಗೆ ಲಿಥಿಯಂ ಬ್ಯಾಟರಿಯನ್ನು ಬಿಚ್ಚಬೇಡಿ, ಚುಚ್ಚಬೇಡಿ. ಸೀಸದ ಬ್ಯಾಟರಿಯ ಚಾರ್ಜರ್ ಅದಕ್ಕೆ ಹಾಕಬೇಡಿ. ಹೊಟ್ಟೆ ಉಬ್ಬಿದ್ದನ್ನು ಬಳಸಬೇಡಿ. ಬಣವೆ, ಹೊಟ್ಟು, ಹಾಸಿಗೆಯ ಹತ್ತಿರ ಚಾರ್ಜಿಗೆ ಇಟ್ಟು ಮಲಗಬೇಡಿ.

ಕಣ್ಣು, ಕೈ, ಮಕ್ಕಳು

ಚಾರ್ಜಾಗುವ ಸೀಸದ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುತ್ತದೆ. ನೀರು ಎಷ್ಟಿದೆಯೆಂದು ನೋಡಲು ಕಡ್ಡಿ ಗೀರುವವರು, ಬೀಡಿ ಸೇದುತ್ತ ಬಗ್ಗುವವರು ಮುಖ ಸುಟ್ಟುಕೊಂಡಾರು. ಬ್ಯಾಟರಿ ತೆಗೆಯುವಾಗ ಚಾಸಿಗೆ ಕಟ್ಟಿದ ತಂತಿಯನ್ನು ಮೊದಲು ಬಿಚ್ಚಿರಿ, ಹಾಕುವಾಗ ಅದನ್ನು ಕೊನೆಗೆ ಕಟ್ಟಿರಿ. ಆಸಿಡ್ ಕಣ್ಣಿಗೆ ಸಿಡಿದರೆ ಕೂಡಲೆ ಕಾಲು ತಾಸಿಗೂ ಕಡಿಮೆಯಿಲ್ಲದಂತೆ ಶುದ್ಧ ನೀರಿನಿಂದ ತೊಳೆಯುತ್ತಲೇ ಇದ್ದು, ತಡಮಾಡದೆ ದವಾಖಾನೆಗೆ ಕರೆದೊಯ್ಯಿರಿ. ಟರ್ಮಿನಲ್ ಮೇಲೆ ಬೆಳೆದ ಹಸಿರು-ಬಿಳಿ ಕಿಲುಬನ್ನು ಅಡಿಗೆ ಸೋಡಾ ಕರಗಿಸಿದ ನೀರಿನಿಂದ ಒರೆಸಿ, ಒಣಗಿಸಿ, ವ್ಯಾಸಲೀನ್ ಹಚ್ಚಿರಿ. ಸೋಡಾ ನೀರಿನ ಒಂದು ಹನಿಯೂ ಕೋಣೆಯೊಳಗೆ ಬೀಳದಿರಲಿ.

ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆದು ಸೀಸ ಕರಗಿಸುವ ಕೆಲಸಕ್ಕೆ ಎಂದೂ ಕೈಹಾಕಬೇಡಿ. ಸೀಸ ವಿಷ. ಅದರ ಹೊಗೆ, ಧೂಳು ದೇಹ ಸೇರಿದರೆ ಮಕ್ಕಳ ಬುದ್ಧಿ ಬೆಳವಣಿಗೆಯೇ ಕುಂದುತ್ತದೆ. ಚೆಲ್ಲಿದ ಆಸಿಡ್ ಬಾವಿಗೆ ಇಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಕೂಡಿಸುವ ಹೊಣೆ ತಯಾರಕರ ಮೇಲಿದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಅದರ ಬೆಲೆ ಕಳೆದುಕೊಳ್ಳಿರಿ.

ಮರೆಯದಿರಿ

1. ಟ್ರ್ಯಾಕ್ಟರ್ ಬ್ಯಾಟರಿಯ ನೀರನ್ನು ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ನೋಡಿರಿ. ಇನ್ವರ್ಟರಿನದನ್ನು ತಿಂಗಳಿಗೊಮ್ಮೆ ನೋಡಿರಿ.

2. ಹಾಕುವುದು ಬಟ್ಟಿ ಇಳಿಸಿದ ನೀರು ಮಾತ್ರ. ಬೋರು, ಬಾವಿ, ನಳದ ನೀರು ಬೇಡ. ಆಸಿಡ್ ಬೇಡ, ಪುಡಿ ಬೇಡ.

3. ಬರಿದಾದ ಬ್ಯಾಟರಿಯನ್ನು ಒಂದು ರಾತ್ರಿಗಿಂತ ಹೆಚ್ಚು ಹಾಗೇ ಬಿಡಬೇಡಿ.

4. ಹಂಗಾಮು ಮುಗಿದು ಟ್ರ್ಯಾಕ್ಟರ್ ನಿಂತರೆ ಬ್ಯಾಟರಿಯ ತಂತಿ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿರಿ.

5. ಹಂಗಾಮು ಶುರುವಾಗುವ ಮುಂಚೆ ಆರೂ ಕೋಣೆಗಳ ಗ್ರ್ಯಾವಿಟಿ ಅಳೆಯಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಮುಂದಿನ ವರ್ಷದ ಅಂಕಿಯೊಡನೆ ಹೋಲಿಸಿದರೆ ಬ್ಯಾಟರಿ ಎಷ್ಟು ದಿನ ಬಂದೀತೆಂಬುದು ತಿಳಿಯುತ್ತದೆ.

ಎರಡು ಡಬ್ಬಿ ಬ್ಯಾಟರಿ ನೀರಿನ ಖರ್ಚು ಎಷ್ಟು, ತುಂಬಿದ ಟ್ರೇಲರ್ ನಿಂತ ಒಂದು ದಿನದ ನಷ್ಟ ಎಷ್ಟು ಎಂದು ನೀವೇ ಲೆಕ್ಕ ಹಾಕಿ ನೋಡಿರಿ. ಈ ಅಮಾವಾಸ್ಯೆಗೆ ಟ್ರ್ಯಾಕ್ಟರ್ ತೊಳೆದು ಪೂಜೆ ಮಾಡುವಾಗ ಕಾಯಿ ಒಡೆಯುವ ಮುಂಚೆ ಬ್ಯಾಟರಿಯ ಆರು ಮುಚ್ಚಳಗಳನ್ನೂ ಒಮ್ಮೆ ತೆಗೆದು ನೋಡಿರಿ.